ತೀರ್ಪು ಮತ್ತು ಕನಿಕರ: ಪಂಡಿತಾ ರಮಾಬಾಯಿಯವರ ಬದುಕಿನ ಒಂದು ಓದು

ಕ್ರೈಸ್ತ ಧರ್ಮಚಿಂತನೆಯಲ್ಲಿ ನ್ಯಾಯತೀರ್ಪು ಎಂಬ ಪರಿಕಲ್ಪನೆಯನ್ನು ಕುರಿತು ಎರಡು ತಿಳಿವಳಿಕೆಗಳು ಬಹು ಹಿಂದಿನಿಂದಲೂ ಜೊತೆಜೊತೆಯಾಗಿಯೇ ಸಾಗಿಬಂದಿವೆ. ಒಂದರ ಪ್ರಕಾರ ತೀರ್ಪೆಂದರೆ ಪಾಪಿಗಳನ್ನೂ ನೀತಿವಂತರನ್ನೂ ಬೇರ್ಪಡಿಸಿ ಪಾಪಿಗಳನ್ನು ದಂಡಿಸುವುದು. ತೀರ್ಪಿಗೆ ಗ್ರೀಕಿನಲ್ಲಿರುವ ಕ್ರಿಸಿಸ್ ಎಂಬ ಪದದ ಮೂಲದಲ್ಲಿಯೇ ಬೇರ್ಪಡಿಸು ಎಂಬ ಅರ್ಥವಿದೆ. ಇನ್ನೊಂದು ತಿಳಿವಳಿಕೆ ಹೀಬ್ರೂ ಮೂಲದ್ದು. ಮಿಷ್ಪಾಟ್ ಎಂಬ ಹೀಬ್ರೂ ಪದ ತೀರ್ಪು, ನ್ಯಾಯ ಎರಡನ್ನೂ ಸೂಚಿಸುತ್ತದೆ. ಧರ್ಮೋಪದೇಶಕಾಂಡದ 10ನೆಯ ಅಧ್ಯಾಯದಲ್ಲಿ ದೇವರು ತಬ್ಬಲಿಗೂ ವಿಧವೆಗೂ ದೊರಕಿಸಿಕೊಡುವುದು ಈ ಮಿಷ್ಪಾಟ್ ಅನ್ನೇ. ಇಲ್ಲಿ ತೀರ್ಪೆಂದರೆ ದಂಡನೆಯಲ್ಲ, ನೊಂದವರ ಪರವಾಗಿ ನಿಲ್ಲುವುದು. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಈ ಎರಡೂ ಅರ್ಥಗಳು ಒಂದೇ ಚಿತ್ರದಲ್ಲಿ ಬೆರೆತುಹೋಗಿವೆ. ಅಂತ್ಯದಿನದಲ್ಲಿ ಜನಾಂಗಗಳನ್ನು ಕುರಿ ಆಡುಗಳಂತೆ ಬೇರ್ಪಡಿಸಲಾಗುತ್ತದೆಯಾದರೂ ಹಾಗೆ ಬೇರ್ಪಡಿಸುವುದಕ್ಕೆ ಆಧಾರ ಜಾತಿಯಲ್ಲ, ಮತಸಿದ್ಧಾಂತವಲ್ಲ, ಶೀಲಶುದ್ಧಿಯೂ ಅಲ್ಲ. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಪರದೇಶಿಗೆ ಆಶ್ರಯ, ಬಟ್ಟೆಯಿಲ್ಲದವರಿಗೆ ಬಟ್ಟೆ, ರೋಗಿಗೆ ಆರೈಕೆ, ಸೆರೆಯಲ್ಲಿದ್ದವರಿಗೆ ಭೇಟಿ, ಇವಿಷ್ಟೇ ಅಲ್ಲಿಯ ಅಳತೆಗೋಲು.

ಪಂಡಿತಾ ರಮಾಬಾಯಿಯವರ (1858-1922) ಬದುಕನ್ನು ಈ ಎರಡು ಅರ್ಥಗಳ ನಡುವಿನ ಪಯಣವಾಗಿ ಓದಬಹುದೆಂಬುದು ಪ್ರಸ್ತುತ ಲೇಖನದ ಗ್ರಹಿಕೆ. ಅವರನ್ನು ಸ್ತ್ರೀಶಿಕ್ಷಣದ ಹರಿಕಾರರೆಂದು, ಸಮಾಜಸುಧಾರಕಿಯೆಂದು, ಮತಾಂತರಗೊಂಡ ವಿದುಷಿಯೆಂದು ನೋಡಿದ ಬರಹಗಳು ಸಾಕಷ್ಟಿವೆ. ಉಮಾ ಚಕ್ರವರ್ತಿಯವರ 1998ರ ಅಧ್ಯಯನ, ಅದೇ ವರ್ಷದ ಗೌರಿ ವಿಶ್ವನಾಥನ್ ಅವರ ವಿವೇಚನೆ, ಮೀರಾ ಕೋಸಂಬಿಯವರ ಅನುವಾದ ಹಾಗೂ ಸಂಪಾದನೆಗಳು ಈ ದಿಸೆಯಲ್ಲಿ ಮುಖ್ಯವಾದವು. ಆದರೆ ಹುಟ್ಟುವ ಮೊದಲೇ ಒಂದು ಸಭೆಯ ವಿಚಾರಣೆಗೆ ಗುರಿಯಾದ ಕುಟುಂಬದಿಂದ ಬಂದು, ಜೀವನದುದ್ದಕ್ಕೂ ಒಂದಲ್ಲ ಒಂದು ಕಟಕಟೆಯಲ್ಲಿ ನಿಂತ ಈ ಮಹಿಳೆ ತೀರ್ಪು ಎಂಬುದನ್ನೇ ಹೇಗೆ ಅರ್ಥಮಾಡಿಕೊಂಡರು ಎಂಬ ಪ್ರಶ್ನೆಗೆ ಈ ಬರಹಗಳಲ್ಲಿ ದೊರೆತಿರುವ ಜಾಗ ಕಡಿಮೆ.

ರಮಾಬಾಯಿಯವರ ಮನೆತನದ ಬೇರು ಇರುವುದು ಇಂದಿನ ಉಡುಪಿ ಜಿಲ್ಲೆಯ ಕಾರ್ಕಳ ಸೀಮೆಯ ಮಾಳ ಗ್ರಾಮದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಚಿತ್ಪಾವನ ಬ್ರಾಹ್ಮಣರು, ಸಂಸ್ಕೃತ ವಿದ್ವಾಂಸರು. ತರುಣರಾಗಿದ್ದಾಗ ಪುಣೆಯಲ್ಲಿ ರಾಮಚಂದ್ರಶಾಸ್ತ್ರಿಗಳೆಂಬ ಗುರುಗಳ ಬಳಿ ಓದುತ್ತಿದ್ದರು. ಆ ಗುರುಗಳು ಪೇಶ್ವೆಯ ರಾಣಿಗೆ ಸಂಸ್ಕೃತ ಪಾಠ ಹೇಳುತ್ತಿದ್ದುದನ್ನು ಕಂಡ ಅನಂತಶಾಸ್ತ್ರಿಗಳ ಮನಸ್ಸಿನಲ್ಲಿ ತಾನೂ ಮನೆಯ ಹೆಣ್ಣುಮಕ್ಕಳಿಗೆ ಕಲಿಸಬೇಕೆಂಬ ಆಸೆ ಮೂಡಿತು. ಮೊದಲ ಪತ್ನಿಯ ವಿಷಯದಲ್ಲಿ ಮನೆಯವರ ವಿರೋಧದಿಂದಾಗಿ ಇದು ಸಾಧ್ಯವಾಗಲಿಲ್ಲ. ಆಕೆ ತೀರಿಕೊಂಡ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ಗೋದಾವರಿ ತೀರದ ಕ್ಷೇತ್ರವೊಂದರಲ್ಲಿ ಭೇಟಿಯಾದ ಯಾತ್ರಿಕನೊಬ್ಬನ ಒಂಬತ್ತು ವರ್ಷದ ಮಗಳು ಲಕ್ಷ್ಮೀಬಾಯಿಯನ್ನು ಮದುವೆಯಾದರು. ಬಾಲ್ಯವಿವಾಹದ ಕಟು ಟೀಕಾಕಾರಳಾಗಿ ಬೆಳೆದ ಮಗಳು ಅಂಥದೇ ಒಂದು ವಿವಾಹದ ಫಲ ಎಂಬ ವೈರುಧ್ಯವನ್ನು ಇಲ್ಲಿ ಮರೆಯುವಂತಿಲ್ಲ. ಅನಂತಶಾಸ್ತ್ರಿಗಳು ಈ ಬಾಲಪತ್ನಿಗೆ ಸಂಸ್ಕೃತ ಕಲಿಸತೊಡಗಿದಾಗ ಊರು ಎದುರುಬಿದ್ದಿತು. ಅವರನ್ನು ಉಡುಪಿಗೆ ಕರೆಸಿ ವಿದ್ವಾಂಸರ ಸಭೆಯ ಮುಂದೆ ವಿಚಾರಣೆಗೆ ಒಳಪಡಿಸಲಾಯಿತೆಂದೂ, ಸ್ತ್ರೀಯರಿಗೆ ವೇದೇತರ ಸಂಸ್ಕೃತ ವಾಙ್ಮಯವನ್ನು ಕಲಿಸಲು ಶಾಸ್ತ್ರದ ಅಡ್ಡಿಯಿಲ್ಲವೆಂದು ಅವರು ಗ್ರಂಥಾಧಾರಗಳಿಂದ ವಾದಿಸಿದರೆಂದೂ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ವಾದದಲ್ಲಿ ಸೋಲಲಿಲ್ಲವಾದರೂ ಊರಿನಲ್ಲಿ ನೆಮ್ಮದಿ ಉಳಿಯಲಿಲ್ಲ. ಅವರು ಹೆಂಡತಿಯನ್ನು ಕರೆದುಕೊಂಡು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿಗೆ ಹೋದರು. ಹುಲಿಗಳ ಸದ್ದಿನ ನಡುವೆ ಗುಡಿಸಲು ಕಟ್ಟಿ ಪತ್ನಿಗೂ ಶಿಷ್ಯರಿಗೂ ಪಾಠ ಹೇಳುತ್ತ ಹದಿಮೂರು ವರ್ಷ ಅಲ್ಲಿದ್ದರು. 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದ್ದು ಅಲ್ಲಿಯೇ.

ಕನ್ನಡ ನೆಲದೊಂದಿಗಿನ ಈ ನಂಟು ಬಹುಕಾಲ ಉಳಿಯಲಿಲ್ಲ. ಬಂದವರಿಗೆಲ್ಲ ಅನ್ನವಿಕ್ಕಿ ಸಾಲಕ್ಕೆ ಸಿಕ್ಕ ಕುಟುಂಬ ಮಗುವಿಗೆ ಆರು ತಿಂಗಳಾಗಿದ್ದಾಗ ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತುಕೊಂಡು ಘಟ್ಟ ಇಳಿಸಲಾಯಿತು. ಮುಂದಿನ ಹದಿನೈದು ಹದಿನಾರು ವರ್ಷ ಪುರಾಣ ಪ್ರವಚನವೇ ಕುಟುಂಬದ ಜೀವನೋಪಾಯ. ದೇವಸ್ಥಾನದ ಜಗಲಿಯಲ್ಲೋ ನದಿಯ ಸೋಪಾನದಲ್ಲೋ ಕುಳಿತು ಪುರಾಣ ಓದುವುದು, ಕೇಳುಗರು ಕೊಟ್ಟ ದಕ್ಷಿಣೆಯಲ್ಲಿ ಬದುಕುವುದು. ತಾಯಿಯ ಬಾಯಿಂದಲೇ ಪಾಠ ಕೇಳಿ ರಮಾಬಾಯಿ ಸಾವಿರಾರು ಶ್ಲೋಕಗಳನ್ನು ಕಂಠಸ್ಥ ಮಾಡಿಕೊಂಡದ್ದು ಈ ಅಲೆದಾಟದಲ್ಲಿ.

1870ರ ದಶಕದಲ್ಲಿ ದಕ್ಷಿಣ ಭಾರತವನ್ನು ಆವರಿಸಿದ ಕ್ಷಾಮ ಈ ಕುಟುಂಬವನ್ನು ಒಡೆದುಹಾಕಿತು. ಇಲ್ಲಿ ತುಸು ನಿಲ್ಲುವುದು ಅಗತ್ಯ. ರಮಾಬಾಯಿಯವರ ಮುಂದಿನ ಕಾರ್ಯಗಳೆಲ್ಲದರ ಹಿಂದೆ ಈ ಹಸಿವಿನ ನೆನಪಿದೆ. ಕುಲದ ಹೆಮ್ಮೆ ಕೂಲಿ ಮಾಡಲು ಬಿಡಲಿಲ್ಲ, ಬೇಡಲೂ ಬಿಡಲಿಲ್ಲ. ಇದ್ದುದನ್ನೆಲ್ಲ ಜಪ, ತಪ, ದಾನಗಳಿಗೆ ವೆಚ್ಚಮಾಡಿ, ಪಾತ್ರೆ ಒಡವೆಗಳನ್ನು ಮಾರಿ, ಕೊನೆಗೆ ಎಲೆ ತಿಂದು ದಿನ ದೂಡಿದರು. ತಂದೆ ಮೊದಲು ತೀರಿಕೊಂಡರು. ಸಾವಿಗೆ ಮುನ್ನ ಸಂನ್ಯಾಸ ಸ್ವೀಕರಿಸಿದ್ದರಿಂದ ದೇಹವನ್ನು ಹೂಳಬೇಕಿತ್ತು. ಹೊರಲು ಯಾರೂ ಬಾರದಿದ್ದಾಗ ಅಣ್ಣ ಶ್ರೀನಿವಾಸ ತಂದೆಯ ದೇಹವನ್ನು ಧೋತರದಲ್ಲಿ ಗಂಟುಕಟ್ಟಿ ಒಬ್ಬನೇ ಹೊತ್ತುಕೊಂಡು ಹೋದನು. ಕೆಲವು ದಿನಗಳಲ್ಲಿ ತಾಯಿ ಹೋದರು. ಆ ಸಲ ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಬಂದರಾದರೂ ಚಟ್ಟಕ್ಕೆ ನಾಲ್ಕನೆಯ ಹೆಗಲು ಬೇಕಾಗಿತ್ತು. ಕುಳ್ಳಗಿದ್ದ ರಮಾಬಾಯಿ ತನ್ನ ಪಾಲಿನ ಭಾರವನ್ನು ತಲೆಯ ಮೇಲೆ ಹೊತ್ತು ಸುಡುಗಾಡಿಗೆ ನಡೆದರು. ಬಳಿಕ ಅಕ್ಕ ಕೃಷ್ಣಾಬಾಯಿಯೂ ತೀರಿಕೊಂಡಳು. ಶಾಸ್ತ್ರ ಹೇಳಿದ ಎಲ್ಲ ವಿಧಿಗಳನ್ನೂ ಕೈತಪ್ಪದೆ ಪಾಲಿಸಿದ ಕುಟುಂಬವೊಂದು ಹಸಿವಿನಿಂದ ಸತ್ತಿತು. ಇದು ಕರ್ಮಫಲವೇ, ಪೂರ್ವಜನ್ಮದ ತೀರ್ಪೇ ಎಂಬ ಸಂಶಯ ಈ ಸಾವುಗಳ ಜೊತೆಗೇ ಆರಂಭವಾಯಿತೆಂಬುದು ಅವರ ಮುಂದಿನ ಬರಹಗಳಿಂದ ತಿಳಿದುಬರುತ್ತದೆ.

ಅಣ್ಣ ತಂಗಿಯರು ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿಯ ಪಂಡಿತರು ರಮಾಬಾಯಿಯ ಸಂಸ್ಕೃತ ಪಾಂಡಿತ್ಯವನ್ನು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಇಪ್ಪತ್ತರ ಹರೆಯದ ಅವಿವಾಹಿತ ತರುಣಿಯೊಬ್ಬಳು ವಿದ್ವತ್ಸಭೆಯಲ್ಲಿ ನಿಂತು ಸಂಸ್ಕೃತದಲ್ಲಿ ಮಾತನಾಡಿದ್ದು ಪತ್ರಿಕೆಗಳಿಗೆ ಸುದ್ದಿಯಾಯಿತು. ಉಡುಪಿಯ ಸಭೆ ಸಂಶಯದಿಂದ ಪ್ರಶ್ನಿಸಿದ ಸಂಗತಿಯನ್ನೇ ಕಲ್ಕತ್ತೆಯ ಸಭೆ ಪುರಸ್ಕರಿಸಿತು ಎನ್ನಬಹುದು. ಕಲ್ಕತ್ತೆಯಲ್ಲಿಯೇ ಅವರು ಮೊದಲ ಬಾರಿಗೆ ಕ್ರೈಸ್ತರ ಪ್ರಾರ್ಥನಾಕೂಟವೊಂದಕ್ಕೆ ಹೋದರು. ಕುರ್ಚಿಗಳ ಮುಂದೆ ಮೊಣಕಾಲೂರಿ ಕಣ್ಣು ಮುಚ್ಚಿದ್ದವರನ್ನು ಕಂಡು, ಇವರು ಕುರ್ಚಿಗಳನ್ನೇ ಪೂಜಿಸುತ್ತಾರೇನೋ ಎಂದು ಅಚ್ಚರಿಪಟ್ಟರಂತೆ. ಮುಂದೆ ಕ್ರೈಸ್ತಳಾದ ಮೇಲೂ ಈ ತಿಳಿಹಾಸ್ಯದ ಪ್ರಸಂಗವನ್ನು ಅವರು ಬರೆದಿಟ್ಟರು.

ಕಲ್ಕತ್ತೆಯ ವಾಸದಲ್ಲಿ ನಡೆದ ನಿರ್ಣಾಯಕ ಘಟನೆ ಬೇರೊಂದು. ಸ್ತ್ರೀಧರ್ಮವನ್ನು ಕುರಿತು ಉಪನ್ಯಾಸ ಮಾಡಬೇಕೆಂದು ಪಂಡಿತರು ಕೇಳಿಕೊಂಡಾಗ ರಮಾಬಾಯಿ ಧರ್ಮಶಾಸ್ತ್ರಗಳನ್ನು ಮೂಲದಲ್ಲಿಯೇ ಓದಲು ಕುಳಿತರು. ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೈಗಿತ್ತು ಓದಲು ಹುರಿದುಂಬಿಸಿದರು. ಓದಿದಷ್ಟೂ ಅವರ ಅಸಮಾಧಾನ ಹೆಚ್ಚಿತು. ಪರಸ್ಪರ ಭಿನ್ನಾಭಿಪ್ರಾಯಗಳುಳ್ಳ ಈ ಗ್ರಂಥಗಳೆಲ್ಲ ಹೆಣ್ಣು ಸ್ವಭಾವತಃ ಕೆಟ್ಟವಳು ಎಂಬ ವಿಷಯದಲ್ಲಿ ಒಮ್ಮತ ಹೊಂದಿವೆ ಎಂಬ ನಿರ್ಣಯಕ್ಕೆ ಅವರು ಬಂದರು. ಹೆಣ್ಣು ಮಾಡಿದ ತಪ್ಪಿಗೆ ಅಲ್ಲಿ ತೀರ್ಪಿಲ್ಲ. ಹೆಣ್ಣಾಗಿ ಹುಟ್ಟಿದ್ದಕ್ಕೇ ತೀರ್ಪು ಮೊದಲೇ ಬರೆಯಲ್ಪಟ್ಟಿದೆ. ಈ ಓದು ಪೂರ್ಣವಾದುದೆಂದು ಹೇಳುವಂತಿಲ್ಲ. ಧರ್ಮಶಾಸ್ತ್ರವೇ ಭಾರತೀಯ ಪರಂಪರೆಯ ಸರ್ವಸ್ವವಲ್ಲ. ಸೂಳೆ ಸಂಕವ್ವೆಯಂಥವಳ ವಚನಕ್ಕೂ ಎಡೆಕೊಟ್ಟ ಹನ್ನೆರಡನೆಯ ಶತಮಾನದ ಶರಣ ಚಳವಳಿಯನ್ನು ಬಲ್ಲ ಕನ್ನಡದ ಓದುಗರಿಗೆ ಈ ಮಿತಿ ಕೂಡಲೇ ಕಾಣುತ್ತದೆ. ಆದರೆ ರಮಾಬಾಯಿಯವರನ್ನು ಸುತ್ತುವರಿದಿದ್ದ ಸಮಾಜ ಅಧಿಕೃತವೆಂದು ಒಪ್ಪಿದ್ದು ಸಂಸ್ಕೃತ ಶಾಸ್ತ್ರವನ್ನೇ. ಅವರ ಟೀಕೆ ಗುರಿಯಿಟ್ಟದ್ದೂ ಅದಕ್ಕೇ.

1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ನೋಂದಣಿ ವಿವಾಹವಾದರು. ಅವರು ಬ್ರಾಹ್ಮಣರಲ್ಲ, ಶೂದ್ರರೆಂದು ಪರಿಗಣಿತರಾದ ಕಾಯಸ್ಥರು. ಅಸ್ಸಾಮಿನ ಸಿಲ್ಚಾರಿನ ಮನೆಯ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ಅವರ ಕೈಗೆ ಸಿಕ್ಕಿತು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿ ಕಾಲರಾಕ್ಕೆ ಬಲಿಯಾದರು. ಇಪ್ಪತ್ತಮೂರರ ರಮಾಬಾಯಿ ವಿಧವೆಯಾದರು.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದ್ದು, ಮರಾಠಿಯಲ್ಲಿ 'ಸ್ತ್ರೀಧರ್ಮನೀತಿ'ಯನ್ನು ಬರೆದದ್ದು, ಹಂಟರ್ ಶಿಕ್ಷಣ ಆಯೋಗದ ಮುಂದೆ ಮಹಿಳಾ ಶಿಕ್ಷಕಿಯರೂ ಮಹಿಳಾ ವೈದ್ಯರೂ ಬೇಕೆಂದು ಸಾಕ್ಷ್ಯ ನುಡಿದದ್ದು ಎಲ್ಲವೂ 1882ರಲ್ಲಿಯೇ. ವೈದ್ಯಕೀಯ ಶಿಕ್ಷಣದ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೊರಟರು. ಕಿವಿ ಮಂದವಾಗುತ್ತ ಬಂದದ್ದರಿಂದ ಆ ಆಸೆ ಈಡೇರಲಿಲ್ಲ. ವಾಂಟೇಜಿನ ಆಂಗ್ಲಿಕನ್ ಸಂನ್ಯಾಸಿನಿಯರ ಮಠದಲ್ಲಿ ಅವರಿಗೆ ಆಶ್ರಯ ದೊರೆಯಿತು. ಆ ಅವಧಿಯಲ್ಲಿ ಅವರನ್ನು ಲಂಡನ್ನಿನ ಫುಲ್ಹ್ಯಾಮಿನಲ್ಲಿದ್ದ ಶಾಖೆಯೊಂದಕ್ಕೆ ಕಳಿಸಿದರು. ಸಮಾಜ ಪತಿತೆಯರೆಂದು ಕರೆದ ಹೆಣ್ಣುಮಕ್ಕಳನ್ನು ಸಂನ್ಯಾಸಿನಿಯರು ಅಲ್ಲಿ ಸಲಹುತ್ತಿದ್ದರು. ಹಾಗೆ ಬಂದವರಲ್ಲಿ ಕೆಲವರು ಮುಂದೆ ತಾವೇ ರೋಗಿಗಳ ಶುಶ್ರೂಷೆಯಲ್ಲಿ ತೊಡಗಿದ್ದರು. ಇಂಥದೊಂದನ್ನು ರಮಾಬಾಯಿ ಎಂದೂ ಕಂಡಿರಲಿಲ್ಲ. ಇಂಥ ಹೆಂಗಸರನ್ನು ಊರ ಹೊರಗೆ ನಾಯಿಗಳಿಗೆ ಹಾಕಿಸಬೇಕೆಂದು ರಾಜನಿಗೆ ವಿಧಿಸುವ ಶಾಸ್ತ್ರವಾಕ್ಯ ಅವರಿಗೆ ಬಾಯಿಪಾಠವಾಗಿತ್ತು. ಈ ಹೆಂಗಸರ ಬಗ್ಗೆ ಇಷ್ಟೊಂದು ಕಾಳಜಿ ಏಕೆಂದು ಅವರು ಸಂನ್ಯಾಸಿನಿಯೊಬ್ಬರನ್ನು ಕೇಳಿದರು. ಉತ್ತರವಾಗಿ ಬಂದದ್ದು ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯ. ಮಧ್ಯಾಹ್ನದ ಬಿಸಿಲಲ್ಲಿ ಬಾವಿಯ ಬಳಿ ಸಮಾರ್ಯದ ಹೆಂಗಸೊಬ್ಬಳೊಂದಿಗೆ ಯೇಸು ಮಾತನಾಡುವ ಪ್ರಸಂಗವದು. ಆಕೆಯ ಐವರು ಗಂಡಂದಿರ ಸಂಗತಿ ಅವನಿಗೆ ತಿಳಿದಿದೆ, ಅದನ್ನು ಹೇಳುತ್ತಾನೆ ಕೂಡ. ಆದರೆ ಅದರ ಆಧಾರದ ಮೇಲೆ ಅವಳನ್ನು ದೂರವಿಡುವುದಿಲ್ಲ. ಅವಳಲ್ಲಿಯೇ ನೀರು ಕೇಳುತ್ತಾನೆ.

ಈ ಪ್ರಸಂಗದಲ್ಲಿ ಸತ್ಯವನ್ನು ಮುಚ್ಚಿಡಲಾಗಿಲ್ಲ, ತಪ್ಪನ್ನು ತಪ್ಪಲ್ಲವೆಂದೂ ಹೇಳಲಾಗಿಲ್ಲ. ಎಲ್ಲವನ್ನೂ ತಿಳಿದವನು ಕೂಡ ದಂಡಿಸುವ ಹಕ್ಕನ್ನು ಬಿಟ್ಟುಕೊಡುತ್ತಾನೆ. ರಮಾಬಾಯಿಯವರನ್ನು ತಟ್ಟಿದ್ದು ಇದು. ಕನ್ನಡದ ತೀರ್ಪು ಎಂಬ ಪದ ತೀರ್ ಧಾತುವಿನಿಂದ ಬಂದದ್ದು. ಮುಗಿಸುವುದು, ಕೊನೆಗಾಣಿಸುವುದು ಎಂಬ ಅರ್ಥ ಅದರ ಒಳಗಿದೆ. ಅವರು ಬಿಟ್ಟುಬಂದ ಶಾಸ್ತ್ರದಲ್ಲಿ ತೀರ್ಪು ಹೆಣ್ಣಿನ ಬಾಳನ್ನು ನಿಜಕ್ಕೂ ತೀರಿಸಿಬಿಡುತ್ತಿತ್ತು. ಫುಲ್ಹ್ಯಾಮಿನಲ್ಲಿ ಕಂಡದ್ದು ತೀರ್ಪಿನ ಆಚೆಗೂ ಬದುಕಿದೆ ಎಂಬುದನ್ನು. 1883ರ ಸೆಪ್ಟೆಂಬರ್ 29ರಂದು ಅವರು ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು.

ಸ್ವದೇಶದಲ್ಲಿ ಗದ್ದಲವೆದ್ದಿತು. ಪುಣೆಯ ಪತ್ರಿಕೆಗಳು ಚಂಚಲೆಯೆಂದು ಜರೆದವು. ಜ್ಯೋತಿಬಾ ಫುಲೆಯವರು ಮಾತ್ರ 1885ರ ತಮ್ಮ ಬರಹದಲ್ಲಿ ರಮಾಬಾಯಿಯವರ ಪರ ನಿಂತರು. ಆದರೆ ಹೊಸ ಧರ್ಮದ ಮನೆಯಲ್ಲಿಯೂ ಕಟಕಟೆ ಕಾದಿತ್ತು. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಅವರು ಓದುತ್ತ ಸಂಸ್ಕೃತ ಕಲಿಸುತ್ತಿದ್ದಾಗ, ಗಂಡಸರಿಗೂ ಪಾಠ ಹೇಳುವುದು ಭಾರತೀಯರ ದೃಷ್ಟಿಯಲ್ಲಿ ಅವರ ಗೌರವಕ್ಕೆ ಕುಂದೆಂದು ಬಿಷಪ್ಪರು ಆಕ್ಷೇಪಿಸಿದರು. ಸಂಸ್ಕೃತ ಕಲಿಸಿದ್ದಕ್ಕಾಗಿ ತಂದೆ ಎದುರಿಸಿದ ವಿಚಾರಣೆಯನ್ನು ಮಗಳು ಕ್ರೈಸ್ತ ದೇಶದಲ್ಲಿ ಬೇರೊಂದು ರೂಪದಲ್ಲಿ ಎದುರಿಸಿದಳು. ತ್ರಯೈಕ್ಯ ಸಿದ್ಧಾಂತ, ಕ್ರಿಸ್ತನ ದೈವತ್ವ, ಶಿಲುಬೆಯ ಮೇಲೆ ಲ್ಯಾಟಿನ್ ಬದಲು ಸಂಸ್ಕೃತದ ಬರಹವೇಕಿರಬಾರದು ಎಂಬ ಪ್ರಶ್ನೆ, ಹೀಗೆ ಹಲವು ವಿಷಯಗಳಲ್ಲಿ ಅವರಿಗೂ ಧರ್ಮಮಾತೆ ಸಿಸ್ಟರ್ ಜೆರಾಲ್ಡೀನ್ ಅವರಿಗೂ ನಡೆದ ಜಟಾಪಟಿ 1977ರಲ್ಲಿ ಪ್ರಕಟವಾದ ಪತ್ರಸಂಪುಟದಲ್ಲಿದೆ. ಒಂದು ಪೌರೋಹಿತ್ಯದಿಂದ ಕಷ್ಟಪಟ್ಟು ಬಿಡಿಸಿಕೊಂಡವಳು ಇನ್ನೊಂದರ ನೊಗಕ್ಕೆ ಕೊರಳು ಕೊಡಲಾರಳು ಎಂಬ ನಿಲುವನ್ನು ಅವರು ಸಡಿಲಿಸಲಿಲ್ಲ. ಅಹಂಕಾರಿ ಎಂಬ ಮಾತು ಆ ಕಡೆಯಿಂದ ಬಂದಿತು. ಅದೇ ಮಾತನ್ನು ಪುಣೆಯವರೂ ಆಡುತ್ತಿದ್ದರು.

1886ರಲ್ಲಿ ಆನಂದೀಬಾಯಿ ಜೋಶಿಯವರ ವೈದ್ಯಕೀಯ ಪದವಿ ಪ್ರದಾನಕ್ಕೆಂದು ಫಿಲಡೆಲ್ಫಿಯಾಕ್ಕೆ ಹೋದ ರಮಾಬಾಯಿ ಅಮೆರಿಕದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಉಳಿದರು. ಮೇಲ್ಜಾತಿಯ ಹಿಂದೂ ಸ್ತ್ರೀಯನ್ನು ಕುರಿತ ಅವರ ಇಂಗ್ಲಿಷ್ ಕೃತಿ 1887ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಕೊನೆಯಲ್ಲಿ ಬಾಸ್ಟನ್ನಿನಲ್ಲಿ ಸ್ಥಾಪನೆಯಾದ ರಮಾಬಾಯಿ ಅಸೋಸಿಯೇಷನ್, ಮೇಲ್ಜಾತಿಯ ವಿಧವೆಯರಿಗಾಗಿ ಮತನಿರಪೇಕ್ಷ ಶಾಲೆಯೊಂದನ್ನು ಹತ್ತು ವರ್ಷ ನಡೆಸಲು ನೆರವಿನ ಭರವಸೆ ಕೊಟ್ಟಿತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಪುಣೆಗೆ ಸ್ಥಳಾಂತರಗೊಂಡಿತು. ಆರಂಭದ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಬಾಲವಿಧವೆ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮರುವಿವಾಹವಾಗಿ ಆನಂದೀಬಾಯಿಯಾದರು.

ಇದೇ ಅವಧಿಯಲ್ಲಿ, 1891ರ ಹೊತ್ತಿಗೆ, ರಮಾಬಾಯಿಯವರ ಒಳಬದುಕಿನಲ್ಲಿ ಎರಡನೆಯ ತಿರುವು ಬಂದಿತು. ತನಗೆ ಕ್ರಿಸ್ತನ ಧರ್ಮ ಸಿಕ್ಕಿದೆಯೇ ಹೊರತು ಕ್ರಿಸ್ತ ಸಿಕ್ಕಿಲ್ಲ ಎಂಬ ಭಾವ ಅವರನ್ನು ಕಾಡತೊಡಗಿತು. 1883ರಲ್ಲಿ ಅವರನ್ನು ಸೆಳೆದದ್ದು ಪರರ ಬಗೆಗಿನ ಕನಿಕರ. ಅಲ್ಲಿ ಅವರು ಸಾಕ್ಷಿಯಷ್ಟೆ. ಈಗ ತೀರ್ಪಿನ ಪ್ರಶ್ನೆ ತಮ್ಮನ್ನೇ ಕುರಿತದ್ದಾಯಿತು. ತಾನೂ ಕ್ಷಮೆ ಬೇಡಬೇಕಾದವಳು ಎಂಬ ಅರಿವು ಪಾಂಡಿತ್ಯದ ಬಲದಿಂದಲೇ ಬದುಕಿದವರಿಗೆ ಸುಲಭದ್ದಲ್ಲ. ಅವರ ಸ್ತ್ರೀಪರ ಚಿಂತನೆ ಈ ಹಂತದಲ್ಲಿ ಮಂಕಾಗಿ ಧರ್ಮಪ್ರಚಾರ ಮುಂದಾಯಿತೆಂದು ಕೆಲವು ವಿದ್ವಾಂಸರು ಭಾವಿಸುತ್ತಾರೆ. ಬರಹದ ಮಟ್ಟಿಗೆ ಇದು ನಿಜ. ಅವರ ನಂತರದ ಗದ್ಯದಲ್ಲಿ ಹಿಂದಿನ ಸಾಮಾಜಿಕ ವಿಶ್ಲೇಷಣೆಯ ಹರಿತವಿಲ್ಲ. ಆದರೆ ಕಾರ್ಯದ ಮಟ್ಟಿಗೆ ಇದಕ್ಕೆ ವಿರುದ್ಧವಾದದ್ದು ನಡೆಯಿತು. ಅಲ್ಲಿಯವರೆಗೆ ಮೇಲ್ಜಾತಿಯ ವಿಧವೆಯರಿಗಷ್ಟೇ ಮೀಸಲಾಗಿದ್ದ ಬಾಗಿಲು ತೆರೆದುಕೊಂಡದ್ದು ಈ ತಿರುವಿನ ಅನಂತರವೇ.

ಅದಕ್ಕೆ ಮುನ್ನ 1893ರ ವಿವಾದ. ರಮಾಬಾಯಿ ತಮ್ಮ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು. ಇಷ್ಟವಿದ್ದ ಹುಡುಗಿಯರು ಒಳಗೆ ಬಂದು ಕೂರುತ್ತಿದ್ದರು. ಇದು ಮತನಿರಪೇಕ್ಷತೆಯ ಒಪ್ಪಂದಕ್ಕೆ ಭಂಗವೆಂದು ತಿಲಕರ 'ಕೇಸರಿ' ಟೀಕಿಸಿತು. ಸಲಹಾ ಸಮಿತಿಯಲ್ಲಿದ್ದ ರಾನಡೆ ಮತ್ತು ಭಂಡಾರಕರ್ ಅವರಂಥ ಸುಧಾರಕರೇ ಹೊರನಡೆದರು. ಪೋಷಕರು ಹಲವು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಆಕ್ಷೇಪ ಪೂರ್ತಿ ನಿರಾಧಾರವೆನ್ನಲಾಗದು. ಆಶ್ರಯಕ್ಕಾಗಿ ಬಂದ ಹುಡುಗಿಗೆ ತೆರೆದ ಬಾಗಿಲೂ ಒಂದು ಬಗೆಯ ಒತ್ತಾಯವಾಗಬಲ್ಲದು. ಆದರೆ ಹಾಗೆ ಬಿಡಿಸಿಕೊಂಡು ಹೋದ ಬಾಲವಿಧವೆಯರು ಮರಳಿದ್ದು ಯಾವ ಮನೆಗಳಿಗೆ ಎಂಬ ಪ್ರಶ್ನೆಯನ್ನು ಆ ದಿನಗಳ ಟೀಕಾಕಾರರಲ್ಲಿ ಹೆಚ್ಚಿನವರು ಕೇಳಿಕೊಳ್ಳಲಿಲ್ಲ. ಕೇಳಿಕೊಂಡವರು ಕರ್ವೆ. 1896ರಲ್ಲಿ ಅವರು ವಿಧವಾಶ್ರಮದ ಕಾರ್ಯಕ್ಕೆ ತೊಡಗಿದರು. ವಿವಾದಕ್ಕೆ ಹಿಂದೂ ಸಮಾಜದ ಒಳಗಿನಿಂದ ಬಂದ ಸಮರ್ಥ ಉತ್ತರ ಅದೊಂದೇ ಎನಿಸುತ್ತದೆ. ಮೂರು ವರ್ಷಗಳ ಬಳಿಕ, 1899ರಲ್ಲಿ, ರಮಾಬಾಯಿಯವರ ಪೂರ್ವಜರ ಕರಾವಳಿಯಿಂದಲೇ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಹೊರಬಂದು ಬಾಲವಿಧವೆಯ ಮರುವಿವಾಹವನ್ನು ಕನ್ನಡ ಕಾದಂಬರಿಯ ವಸ್ತುವಾಗಿಸಿತು. ಎರಡರ ನಡುವೆ ನೇರ ಸಂಬಂಧ ಕಲ್ಪಿಸಬೇಕಿಲ್ಲ. ಕಾಲದ ಒತ್ತಡ ಒಂದೇ ಆಗಿತ್ತು ಎಂಬುದಷ್ಟೇ ಇಲ್ಲಿಯ ಸೂಚನೆ.

1896ರ ಕೊನೆಯಲ್ಲಿ ಮಧ್ಯಪ್ರಾಂತದಲ್ಲಿ ಭೀಕರ ಕ್ಷಾಮ ತಲೆದೋರಿದ ಸುದ್ದಿ ಬಂದಿತು. ಇಪ್ಪತ್ತು ವರ್ಷಗಳ ಹಿಂದೆ ತಾವೇ ಹಸಿದು ಅಲೆದ ಮಹಿಳೆ ಈಗ ಹಸಿದವರನ್ನು ಹುಡುಕುತ್ತ ಹೊರಟರು. ಪರಿಹಾರ ಶಿಬಿರಗಳಲ್ಲಿ ಅವರು ಕಂಡದ್ದು ಹಸಿವನ್ನಷ್ಟೇ ಅಲ್ಲ. ಅನ್ನದ ಆಸೆ ತೋರಿಸಿ ಹೆಣ್ಣುಮಕ್ಕಳನ್ನು ಕೊಳ್ಳುವ ದಲ್ಲಾಳಿಗಳನ್ನೂ ಕಂಡರು. ಕೆಲವರನ್ನು ಕರೆತರುವ ಯೋಚನೆ ಇದ್ದದ್ದು ಸುಮಾರು 300 ಹೆಣ್ಣುಮಕ್ಕಳಿಗೆ ಮುಟ್ಟಿತು. ಅವರನ್ನು ಇರಿಸುವುದೆಲ್ಲಿ? ಪುಣೆಯಲ್ಲಿ ಪ್ಲೇಗ್ ನಿರ್ಬಂಧಗಳಿದ್ದವು. ಪುಣೆಯಿಂದ ಮೂವತ್ತು ಚಿಲ್ಲರೆ ಮೈಲಿ ದೂರದ ಕೇಡಗಾಂವದಲ್ಲಿ ತೋಟಕ್ಕೆಂದು ಕೊಂಡಿದ್ದ ಸುಮಾರು 100 ಎಕರೆ ಜಮೀನು ನೆನಪಾಯಿತು. ಡೇರೆ, ಗುಡಿಸಲುಗಳಲ್ಲಿ ಆರಂಭವಾದ ಆ ನೆಲೆಯೇ ಮುಕ್ತಿ. 1900ರ ಗುಜರಾತಿನ ಕ್ಷಾಮದ ತರುವಾಯ ಅಲ್ಲಿದ್ದವರ ಸಂಖ್ಯೆ ಸುಮಾರು 2000ಕ್ಕೆ ಏರಿತು.

ಇಲ್ಲಿಗೆ ಜಾತಿಯ ಅಳತೆಗೋಲು ಹೋಯಿತು. ಬಾಸ್ಟನ್ನಿನ ಸಹಾಯಕರ ಒಪ್ಪಂದಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಕುಣಬಿ, ಕೋಳಿ, ಅಸ್ಪೃಶ್ಯ, ಬ್ರಾಹ್ಮಣ ಎಂಬ ವ್ಯತ್ಯಾಸವಿಲ್ಲದೆ ಹಸಿದು ಬಂದವರೆಲ್ಲರೂ ಒಳಗಾದರು. ಮತ್ತಾಯನ ಅಧ್ಯಾಯದ ಪಟ್ಟಿಯನ್ನು ಮುಕ್ತಿಯ ವಿಭಾಗಗಳ ಪಕ್ಕದಲ್ಲಿ ಇಟ್ಟು ನೋಡಿದರೆ ಹೋಲಿಕೆ ಎದ್ದು ಕಾಣುತ್ತದೆ. ಅನಾಥರಿಗೆ, ವೃದ್ಧೆಯರಿಗೆ, ರೋಗಿಗಳಿಗೆ, ಕುರುಡರಿಗೆ ಬೇರೆ ಬೇರೆ ವಸತಿಗಳು ಎದ್ದವು. ಮಗಳು ಮನೋರಮಾ ಅಮೆರಿಕದಲ್ಲಿ ಬ್ರೈಲ್ ಲಿಪಿ ಕಲಿತು ಬಂದು ಅಂಧ ಹೆಣ್ಣುಮಕ್ಕಳಿಗೆ ಓದಲು ಕಲಿಸಿದರು. ನೇಯ್ಗೆ, ಎಣ್ಣೆ ಗಾಣ, ಹೊಲಿಗೆ, ಹೈನು, ಬೇಸಾಯ, ಮುದ್ರಣ, ಹೀಗೆ ಪ್ರತಿಯೊಬ್ಬರಿಗೂ ಕೈಕೆಲಸವಿತ್ತು. ಕುಲದ ಹೆಮ್ಮೆಯಿಂದ ಕೂಲಿಗೆ ಹೋಗಲಾರದೆ ತೀರಿಕೊಂಡವರ ಮಗಳು ಕಟ್ಟಿದ ಊರಿನಲ್ಲಿ ದುಡಿಯದೆ ಯಾರೂ ಇರಕೂಡದೆಂಬ ನಿಯಮವಿತ್ತು. ದಾನಕ್ಕಿಂತ ದುಡಿಮೆಗೆ ಅವರು ಕೊಟ್ಟ ಈ ಒತ್ತನ್ನು ಕೇವಲ ಮಿಷನರಿ ಶಿಸ್ತೆಂದು ಕರೆದರೆ ಅರ್ಧವಷ್ಟೇ ಹೇಳಿದಂತಾಗುತ್ತದೆ.

ಈ ವಸತಿಗಳಲ್ಲಿ ವಿಶೇಷವಾದದ್ದು ಕೃಪಾ ಸದನ. ಮೋಸಹೋಗಿ ಬಸಿರಾದವರು, ಮಾರಾಟವಾದವರು, ವೇಶ್ಯಾವೃತ್ತಿಗೆ ತಳ್ಳಲ್ಪಟ್ಟವರು, ಗುಹ್ಯರೋಗಗಳಿಂದ ನರಳುತ್ತಿದ್ದವರು ಅಲ್ಲಿದ್ದರು. 1895ರ ಹೊತ್ತಿಗೆ ರಮಾಬಾಯಿ ಯಾತ್ರಿಕಳ ವೇಷದಲ್ಲಿ ವೃಂದಾವನಕ್ಕೆ ಹೋಗಿ ಅಲ್ಲಿಯ ವಿಧವೆಯರ ಶೋಷಣೆಯನ್ನು ಕಣ್ಣಾರೆ ಕಂಡು ಬಂದಿದ್ದರು. ಫುಲ್ಹ್ಯಾಮಿನಲ್ಲಿ ಕಂಡದ್ದನ್ನು ಕೇಡಗಾಂವದಲ್ಲಿ ಕಟ್ಟಲು ಅವರಿಗೆ ಹದಿನೈದು ವರ್ಷಗಳೇ ಹಿಡಿದವು. ಅಂದಿನ ಸುಧಾರಣಾವಾದಿ ಸಂಸ್ಥೆಗಳು ಶೀಲವಂತ ವಿಧವೆಯನ್ನು ಮಾತ್ರ ಕನಿಕರಕ್ಕೆ ಪಾತ್ರಳೆಂದು ಎಣಿಸಿದ್ದವು. ಕನಿಕರಕ್ಕೆ ಮುನ್ನ ಶೀಲದ ಪರೀಕ್ಷೆ ನಡೆಯುತ್ತಿತ್ತು. ಕೃಪಾ ಸದನ ಈ ಅನುಕ್ರಮವನ್ನು ತಿರುವುಮುರುವು ಮಾಡಿತು. ಮೊದಲು ಅನ್ನ, ಆರೈಕೆ. ಉಳಿದದ್ದು ಆಮೇಲೆ.

ತೀರ್ಪಿನ ಇನ್ನೊಂದು ಅರ್ಥ, ಅನ್ಯಾಯದ ಎದುರು ನೊಂದವರ ಪರ ನಿಲ್ಲುವ ಮಿಷ್ಪಾಟ್, ಅವರಲ್ಲಿ ಕಂಡುಬರುವುದು ಇದೇ ವರ್ಷಗಳಲ್ಲಿ. ಪುಣೆಯ ಸರ್ಕಾರಿ ಪ್ಲೇಗ್ ಆಸ್ಪತ್ರೆಯಲ್ಲಿ ಮಹಿಳೆಯರಿಗೆ ರಕ್ಷಣೆಯಿಲ್ಲವೆಂದು, ತಮ್ಮ ಆಶ್ರಮದ ಹುಡುಗಿಯೊಬ್ಬಳ ಪ್ರಕರಣವನ್ನು ಮುಂದಿಟ್ಟು 1897ರಲ್ಲಿ ಅವರು ಪತ್ರಿಕೆಗೆ ಬರೆದ ಪತ್ರ ಮುಂಬಯಿ ಸರ್ಕಾರವನ್ನು ಮುಜುಗರಕ್ಕೀಡು ಮಾಡಿತು. ಗವರ್ನರರು ಆರೋಪವನ್ನು ಅಲ್ಲಗಳೆದರು. ರಮಾಬಾಯಿ ಮಾತು ಹಿಂತೆಗೆದುಕೊಳ್ಳಲಿಲ್ಲ. ಕ್ರೈಸ್ತಳಾದ್ದರಿಂದ ಆಳುವವರ ಪಕ್ಷಪಾತಿಯೆಂದು ಅವರನ್ನು ಹಳಿಯುವವರು ಈ ಪತ್ರವನ್ನು ಮರೆಯುತ್ತಾರೆ.

ಮುಕ್ತಿಯ ಬದುಕು ನಿರ್ದೋಷವಾಗಿತ್ತೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಕ್ಷಾಮದ ಅನ್ನವೂ ದೀಕ್ಷಾಸ್ನಾನವೂ ಒಂದೇ ಅಂಗಳದಲ್ಲಿ ನಡೆದಾಗ ಒಪ್ಪಿಗೆ ಎಷ್ಟು ಸ್ವತಂತ್ರವಾದದ್ದು ಎಂಬ ಪ್ರಶ್ನೆ ಉಳಿದೇ ಇದೆ. 1905ರಲ್ಲಿ ಅಲ್ಲಿ ನಡೆದ ಧಾರ್ಮಿಕ ಪುನರುಜ್ಜೀವನದ ಆವೇಶವನ್ನು ಮೆಚ್ಚಿದವರಂತೆ ಅನುಮಾನಿಸಿದವರೂ ಇದ್ದರು. ಹಿಂದೂ ಧರ್ಮದ ಮೇಲೆ ಅವರ ಉತ್ತರವಯಸ್ಸಿನ ಬರಹಗಳು ಹೊರಿಸುವ ಆರೋಪ ಸಗಟಾದದ್ದು. ಮನುಷ್ಯರ ವಿಷಯದಲ್ಲಿ ತೀರ್ಪನ್ನು ತಡೆಹಿಡಿದವರು ಪರಂಪರೆಯ ವಿಷಯದಲ್ಲಿ ಹಾಗೆ ಮಾಡಲಿಲ್ಲ. ಈ ಬಿರುಕನ್ನು ಮುಚ್ಚುವ ಅಗತ್ಯವಿಲ್ಲ. ಆ ಪರಂಪರೆಯ ಹೆಸರಿನಲ್ಲಿ ತಮ್ಮ ಮೇಲೂ ತಮ್ಮಂಥವರ ಮೇಲೂ ಬಂದ ತೀರ್ಪುಗಳನ್ನು ಅವರು ಮರೆತಿರಲಿಲ್ಲ ಎಂಬುದು ವಿವರಣೆಯಾದೀತು, ಸಮರ್ಥನೆಯಲ್ಲ.

ಕೊನೆಯ ವರ್ಷಗಳನ್ನು ರಮಾಬಾಯಿ ಬೈಬಲ್ಲಿನ ಮರಾಠಿ ಅನುವಾದಕ್ಕೆ ಮೀಸಲಿಟ್ಟರು. ಚಾಲ್ತಿಯಲ್ಲಿದ್ದ ಮರಾಠಿ ಬೈಬಲ್ ಸಂಸ್ಕೃತಭೂಯಿಷ್ಠವಾಗಿದ್ದು ಓದು ಬರಹ ಈಗಷ್ಟೇ ಕಲಿತ ಹಳ್ಳಿಯ ಹೆಂಗಸಿಗೆ ಎಟುಕದೆಂಬುದು ಅವರ ದೂರು. ಸಂಸ್ಕೃತ ಪಾಂಡಿತ್ಯಕ್ಕಾಗಿ ಬಿರುದು ಪಡೆದವರು ಸಂಸ್ಕೃತ ಪದಗಳನ್ನು ಹುಡುಕಿ ತೆಗೆಯಲು ಕುಳಿತರು. ಅದಕ್ಕಾಗಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಅನುವಾದ ವಿದ್ವಾಂಸರ ಮೆಚ್ಚುಗೆಯನ್ನು ಹೆಚ್ಚಾಗಿ ಗಳಿಸಲಿಲ್ಲ. ಮಹಿಳೆಯೊಬ್ಬಳು ಮೂಲಭಾಷೆಗಳಿಂದ ಇಡೀ ಬೈಬಲ್ಲನ್ನು ತಾನೊಬ್ಬಳೇ ಅನುವಾದಿಸಿದ ವಿರಳ ನಿದರ್ಶನವಾಗಿ ಅದು ಉಳಿದಿದೆ.

ಇದೇ ಕಾಲದಲ್ಲಿ ಹುಟ್ಟುನಾಡಿನೊಂದಿಗೆ ಮತ್ತೊಮ್ಮೆ ನಂಟು ಬೆಳೆಯಿತು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ, ಇಂದು ಕಲಬುರಗಿಯೆಂದು ಕರೆಯಲಾಗುವ ಗುಲ್ಬರ್ಗಾದಲ್ಲಿ 1910ರ ದಶಕದಲ್ಲಿ ಅವರು ಶಾಲೆಯೊಂದನ್ನು ತೆರೆದರು. ಅದರ ಹೊಣೆ ಮನೋರಮಾ ಅವರದಾಗಿತ್ತು. 1919ರಲ್ಲಿ ಬ್ರಿಟಿಷ್ ಸರ್ಕಾರ ರಮಾಬಾಯಿಯವರಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. ಎರಡು ವರ್ಷಗಳ ನಂತರ, 1921ರಲ್ಲಿ, ನಲವತ್ತರ ವಯಸ್ಸಿನ ಮನೋರಮಾ ತೀರಿಕೊಂಡರು. ತನ್ನ ನಂತರ ಮುಕ್ತಿಯನ್ನು ಮಗಳು ನಡೆಸುವಳೆಂದು ತಾಯಿ ನಂಬಿದ್ದರು. 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲಿ ರಮಾಬಾಯಿ ನಿಧನರಾದರು. ಅವರ ಬೈಬಲ್ ಸಂಪೂರ್ಣವಾಗಿ ಅಚ್ಚಾಗಿ 1924ರಲ್ಲಿ ಹೊರಬಂದಿತು. ಮುಕ್ತಿಯ ಸ್ವಂತ ಮುದ್ರಣಾಲಯದಲ್ಲಿ ಅದರ ಅಚ್ಚುಮೊಳೆಗಳನ್ನು ಜೋಡಿಸಿದವರು, ಹಾಳೆಗಳನ್ನು ಮಡಿಸಿ ಹೊಲಿದವರು ಅಲ್ಲಿ ಆಶ್ರಯ ಪಡೆದ ಹೆಣ್ಣುಮಕ್ಕಳೇ.